ಐದು ತಿಂಗಳಿಂದ ಮುಟ್ಟಾಗಿಲ್ಲ ಅನ್ನೋದು ಸಣ್ಣ ವಿಷಯ ಅಲ್ಲ

ತಂಗಿ, ನಿನ್ನ ಪತ್ರ ಓದಿ ಸಿಟ್ಟು ಬಂತು. ನಿನ್ನ ಮೇಲಲ್ಲ.

ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಈಕೆಗೆ 19 ವರ್ಷ. ಶಿರಸಿ ಹತ್ತಿರದ ಹಳ್ಳಿಯವಳು, ಕಾರವಾರದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ, 800 ಮೀಟರ್ ಓಡುತ್ತಾಳೆ. ಬೆಳಿಗ್ಗೆ ಬೀಚಿನ ಮರಳಲ್ಲಿ ಪ್ರಾಕ್ಟೀಸ್. ಈಗ ರಾತ್ರಿ ನಿದ್ದೆ ಇಲ್ಲ, ಶೂ ಲೇಸ್ ಕಟ್ಟುವಾಗಲೇ ಅಳು ಬರುತ್ತದೆ, ಟೈಮಿಂಗ್ ಕೆಡುತ್ತಿದೆ. ‘ನನ್ನ ಮನಸ್ಸೇ ವೀಕ್, ಓಟ ಬಿಟ್ಟುಬಿಡಲಾ?’ ಅಂತ ಕೇಳಿದ್ದಾಳೆ.

ನಾಲ್ಕು ಪುಟ ಬರೆದಿದ್ದೀ. ಮೂರನೇ ಪುಟದ ಕೊನೆಗೆ ಬ್ರಾಕೆಟ್ಟಿನಲ್ಲಿ ಒಂದು ಸಾಲು: ಐದು ತಿಂಗಳಿಂದ ಮುಟ್ಟಾಗಿಲ್ಲ, ಸೀನಿಯರ್ ಅಕ್ಕ ‘ಜಾಸ್ತಿ ಓಡುವವರಿಗೆ ಹೀಗೇ, ಆರಾಮಾಯ್ತಲ್ವಾ’ ಅಂದಳು. ಅಲ್ಲ ಮಾರಾಯ್ತಿ, ಇದು ಆರಾಮಲ್ಲ! ಓಡುವುದಕ್ಕೆ ಬೇಕಾದಷ್ಟು ಊಟ ಹೊಟ್ಟೆಗೆ ಬೀಳದಿದ್ದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ‘ರೆಡ್-ಎಸ್’ ಅಂತ ಹೆಸರಿಟ್ಟಿದೆ. ಗಂಡು ಹುಡುಗರಿಗೂ ಆಗುತ್ತದೆ. ಮುಟ್ಟು ನಿಲ್ಲೋದಕ್ಕೆ ಬೇರೆ ಕಾರಣವೂ ಇರಬಹುದು, ಅದನ್ನು ಡಾಕ್ಟರು ನೋಡಿ ಹೇಳಬೇಕು, ಸೀನಿಯರ್ ಅಲ್ಲ.

ಪಾಪ, ಆ ಅಕ್ಕನಿಗೂ ಯಾರೋ ಹಾಗೇ ಹೇಳಿರುತ್ತಾರೆ. ಆದರೆ ಪ್ರತಿ ಸೋಮವಾರ ಹುಡುಗರ ಎದುರು ನಿನ್ನನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿ ‘ಊರಿಗೆ ಹೋಗಿ ಏನೇನು ತಿಂದು ಬಂದೆ’ ಅಂತ ಕೇಳುವ ಕೋಚ್ ಇದ್ದಾರಲ್ಲ, ಅವರ ಮೇಲೆ ನನಗೆ ಸ್ವಲ್ಪವೂ ಕನಿಕರ ಇಲ್ಲ, ‘ಅವರಿಗೂ ಒತ್ತಡ ಇರ್ತದೆ’ ಅಂತ ನೀನು ಎಷ್ಟೇ ವಹಿಸಿಕೊಂಡರೂ. ತಿನ್ನುವವರನ್ನು ಅವಮಾನ ಮಾಡಬಾರದು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬ ರೂಮ್‌ಮೇಟ್‌ಗೆ ಕೊಟ್ಟು ನೀನು ರಾತ್ರಿ ಎರಡು ಸೌತೆಕಾಯಿ ತಿಂದು ಮಲಗುತ್ತಿದ್ದೀ. ನಿದ್ದೆ ಹೇಗೆ ಬರಬೇಕು?

ಓಟ ಬಿಡೋದೋ ಬೇಡವೋ, ಈಗ ತೀರ್ಮಾನ ಮಾಡಬೇಡ. ಈ ವಾರ ಅಮ್ಮನನ್ನು ಕರೆಸಿಕೊಂಡು ಕಾರವಾರದ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸು. ಮುಟ್ಟು, ಊಟ, ಅಳು, ಮೊಣಕಾಲ ಕೆಳಗೆ ಮೂಳೆ ನೋವು ಅಂದೆಯಲ್ಲ ಅದೂ, ಎಲ್ಲ ಹೇಳು. ಅಲ್ಲೀತನಕ ಓಡಬೇಡ. ಮನೋವೈದ್ಯರನ್ನೂ ನೋಡಿ ಅಂದರೆ ನೋಡಿಯೇ ಬಾ. ರಾತ್ರಿ ತೀರಾ ತಡೆಯೋಕಾಗದಿದ್ದರೆ 14416ಕ್ಕೆ ಫೋನ್ ಮಾಡು, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ ‘ಟೆಲಿ ಮಾನಸ್’ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸೋಮವಾರ ತೂಕಕ್ಕೆ ಕರೆದರೆ ಹೋಗಬೇಡ. ಯಾಕೆ ಅಂತ ಕೇಳಿದರೆ ಅಮ್ಮನೇ ಉತ್ತರ ಕೊಡಲಿ.