ಕ್ಯಾನ್ಸರನ್ನ ಚೀನೀ ವೈದ್ಯರು ಬೇರೆ ಥರ ನೋಡ್ತಾರಂತೆ, ಯಾವ್ದನ್ನ ನಂಬೋದು?

ಮಾವನಿಗೆ ಬಾಯಿ ಕ್ಯಾನ್ಸರ್, ಇಂಗ್ಲಿಷ್ ಡಾಕ್ಟ್ರು ಆಪರೇಷನ್ ಅಂತಾರೆ, ಚೀನೀ ಪದ್ಧತಿಯವ್ರು ಮೈ ಒಳಗಿನ ಏರುಪೇರು ಸರಿ ಮಾಡಿದ್ರೆ ಸಾಕು ಅಂತಾರೆ, ಏನ್ ಮಾಡ್ಲಿ ಅಂತ ಕೇಳಿದೀರಿ. ನಾನು ಶಿರಸಿ ಹತ್ರ ಅಡಿಕೆ ತೋಟ ಮಾಡ್ಕೊಂಡಿರೋನು, ನಮ್ಮ ದೊಡ್ಡಪ್ಪನಿಗೆ ಇದೇ ಬಂದಾಗ ಎರಡೂ ಕಡೆದು ಸಿಕ್ಕಿದ್ದೆಲ್ಲ ಓದಿದ್ದೆ.

ಅಡಿಕೆನೇ ನೋಡಿ. ಚೀನೀ ವೈದ್ಯದಲ್ಲಿ ಅದು ಬಿಂಗ್‌ಲಾಂಗ್, ಔಷಧಿ, ಹೊಟ್ಟೆಹುಳ ಬೀಳ್ಸೋಕೆ, ಕಟ್ಕೊಂಡ 'ಚಿ' ಅಂದ್ರೆ ನಮ್ಮ ಪ್ರಾಣವಾಯು ಥರದ್ದು, ಅದು ಹರಿಯೋ ಹಾಗೆ ಮಾಡೋಕೆ ಕೊಡ್ತಾರೆ. ಅದೇ ಅಡಿಕೆ ತಂಬಾಕು ಸೇರ್ದಿದ್ರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2004ರ ವರದೀಲಿ ಹೇಳ್ತು. ಅಡಿಕೆಯಿಂದ್ಲೇ ಉಣ್ಣೋ ನನಗೆ ಇದನ್ನ ಬರೆಯೋಕೆ ಸಂಕಟ ಆಗುತ್ತೆ, ಆದ್ರೆ ದೊಡ್ಡಪ್ಪ 40 ವರ್ಷ ಬಿಡದೆ ಕವಳ, ಅಂದ್ರೆ ಎಲೆ ಅಡಿಕೆ, ಹಾಕಿದವ್ರು. ಡಾಕ್ಟ್ರು ಮೂರು ಬೆರಳು ಒಂದರ ಮೇಲೊಂದು ಜೋಡ್ಸಿ ಬಾಯೊಳಗೆ ಇಟ್ಟು ತೋರ್ಸಿ ಅಂದ್ರು, ಒಂದೇ ಬೆರಳು ಹೋಯ್ತು. ಕೆನ್ನೆ ಒಳಗೆ ನಾರು ನಾರಾಗಿ ಬಿಗಿದಿತ್ತು, ತಂಬುಳಿ ಅನ್ನನೂ ದೊಡ್ಡಾಯಿ ಕಿವುಚಿ ಕೊಡ್ತಿದ್ರು.

ಅಲೋಪತಿ ನೋಡೋದು ಜೀವಕೋಶನ. ಅದರ ಡಿಎನ್‌ಎಯಲ್ಲಿ ತಪ್ಪು ಸೇರ್ತಾ ಸೇರ್ತಾ ಅದು ಹಿಡಿತ ಬಿಟ್ಟು ಬೆಳೆಯುತ್ತೆ, ಪಕ್ಕಕ್ಕೆ ನುಗ್ಗುತ್ತೆ, ರಕ್ತ ಸೇರಿ ದೂರ ಹೋಗುತ್ತೆ, ಅದಕ್ಕೇ ಗಂಟಿನ ಚೂರು ತೆಗೆದು ನೋಡೋ ಬಯಾಪ್ಸಿ, ಸ್ಕ್ಯಾನ್ ಎಲ್ಲ. ಚೀನೀ ವೈದ್ಯರು ನಾಡಿ ಹಿಡಿದು ನಾಲಿಗೆ ನೋಡ್ತಾರೆ, ಒಳಗಿನ ಬಲ ಕುಂದಿ, ಚಿ ರಕ್ತ ಎರಡೂ ಕಟ್ಕೊಂಡು, ಕಫ ವಿಷ ಸೇರಿ ಗಂಟಾಗಿದೆ ಅಂತಾರೆ, ಒಂದೇ ಕ್ಯಾನ್ಸರ್ ಇರೋ ಇಬ್ರಿಗೆ ಬೇರೆ ಬೇರೆ ಕಷಾಯ ಕೊಡ್ತಾರೆ. ವಾತ ಪಿತ್ತ ಕಫ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ನಿದ್ದೆ ಬಂತಾ, ಊಟ ಸೇರ್ತಾ ಅಂತ ಅವ್ರು ಕೇಳೋದು ನನಗೂ ಇಷ್ಟ, ಆದ್ರೆ ಗಡ್ಡೆ ಎಲ್ಲೀವರೆಗೆ ಹರಡಿದೆ ಅಂತ ನಾಡಿ ಹೇಳಲ್ಲ.

ಹಾಗಂತ ಚೀನಾದ್ದೆಲ್ಲ ಸುಳ್ಳು ಅಂತಾನೂ ಅನ್ಬೇಡಿ. 1970ರ ದಶಕದಲ್ಲಿ ಹಾರ್ಬಿನ್ ಊರಿನ ಡಾಕ್ಟ್ರು ಒಂದು ನಾಟಿ ಮದ್ದು ಪರೀಕ್ಷೆ ಮಾಡಿದ್ರು, ಪಾಷಾಣ (ಆರ್ಸೆನಿಕ್), ಪಾದರಸ, ಕಪ್ಪೆ ವಿಷ ಸೇರ್ಸಿದ್ದು, ಕೊನೆಗೆ ಕೆಲ್ಸ ಮಾಡೋದು ಪಾಷಾಣ ಅಂತ ಗೊತ್ತಾಯ್ತು. ಎಪಿಎಲ್ ಅನ್ನೋ ಒಂದು ಬಗೆ ರಕ್ತದ ಕ್ಯಾನ್ಸರಲ್ಲಿ ರೋಗ ತರೋ ಪ್ರೋಟೀನಿಗೇ ಅದು ಅಂಟ್ಕೊಂಡು ನಾಶ ಮಾಡುತ್ತೆ, 2000ದಲ್ಲಿ ಅಮೆರಿಕಾನೂ ಒಪ್ಪಿಗೆ ಕೊಡ್ತು. ಆದ್ರೆ ಅದನ್ನ ಆಸ್ಪತ್ರೇಲಿ ಅಳೆದು ಡ್ರಿಪ್ಪಲ್ಲಿ ಕೊಡ್ತಾರೆ, ಬಾಯಿ ಕ್ಯಾನ್ಸರಿಗೆ ಅದು ಮದ್ದಲ್ಲ.

ನಾವು ಮಾಡಿದ ತಪ್ಪು ಹೇಳ್ತೀನಿ. ಘಟ್ಟದ ಕಡೆ ಒಬ್ರು ತೊಗಟೆ ಪುಡಿ ಕೊಡ್ತಾರೆ ಅಂತ ಬೆಳಗಿನ ಜಾವ ಹೋಗಿ ಪಾಳಿ ನಿಂತು ತಂದು 3 ತಿಂಗ್ಳು ಕುಡಿಸಿದ್ವಿ, ಅಷ್ಟರಲ್ಲಿ ಅಡಿಕೆಯಷ್ಟಿದ್ದ ಗಂಟು ಕುತ್ತಿಗೆಗೆ ಇಳಿದಿತ್ತು. ಮಣಿಪಾಲಕ್ಕೆ ಕರ್ಕೊಂಡು ಹೋಗೋ ದಾರೀಲಿ ದೊಡ್ಡಪ್ಪ ಒಂದು ಮಾತೂ ಆಡ್ಲಿಲ್ಲ.

ಮಾವನಿಗೆ ಆಪರೇಷನ್ ಮುಂದೂಡ್ಬೇಡಿ. ಕೀಮೋ ಕೊಟ್ಟು ವಾಂತಿ ಜಾಸ್ತಿ ಆದ್ರೆ ಅಕ್ಯುಪಂಕ್ಚರ್, ಅಂದ್ರೆ ಚೀನೀಯರ ಸೂಜಿ ಚುಚ್ಚೋ ಚಿಕಿತ್ಸೆ, ಅದರ ಬಗ್ಗೆ ಡಾಕ್ಟ್ರನ್ನೇ ಕೇಳಿ, ಅದಕ್ಕೆ ಆಧಾರ ಇದೆ. ಬೇರು ಕಷಾಯ ಏನಾದ್ರೂ ಕುಡೀತಿದ್ರೆ ಮುಚ್ಚಿಡ್ಬೇಡಿ, ಬೆಲ್ಜಿಯಂನಲ್ಲಿ 1990ರ ಆಸುಪಾಸು ತೂಕ ಇಳ್ಸೋಕೆ ಚೀನೀ ಮೂಲಿಕೆ ತಗೊಂಡವ್ರಿಗೆ ಕಿಡ್ನಿ ಹೋಯ್ತು, ಕೆಲವ್ರಿಗೆ ಮೂತ್ರನಾಳದ ಕ್ಯಾನ್ಸರೇ ಬಂತು. ಆ ಬಾಟ್ಲಿನ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲೆ ಇಡಿ.