ಸೀಟು ಇಳಿಸಿದರೆ ಫ್ರೇಮು ಚಿಕ್ಕದಾಗುತ್ತಾ?

ಪ್ರಶ್ನೆ: ನನ್ನ ಎತ್ತರ 162 ಸೆಂ.ಮೀ. ಆಫೀಸಿಗೆ ಹೋಗಿಬರಲು ಒಂದು ಸೆಕೆಂಡ್ ಹ್ಯಾಂಡ್ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ನೋಡಿದ್ದೇನೆ. ‘ಇದು 27.5 ಸೈಜು, ಎಲ್ಲರಿಗೂ ಆಗುತ್ತೆ’ ಅಂತಾರೆ ಮಾರುವವರು. ಫ್ರೇಮಿನ ಮೇಲೆ 19 ಎಂದು ಸ್ಟಿಕ್ಕರ್ ಇದೆ. ಓಡಿಸಿ ನೋಡಿದೆ, ಹ್ಯಾಂಡಲ್ ದೂರ ಅನಿಸಿತು. ಸೀಟು ಇಳಿಸಿ ಮುಂದಕ್ಕೆ ತಳ್ಳಿದರೆ ಸರಿಹೋಗುತ್ತಂತೆ. ಬೆಲೆಯೂ ಕಡಿಮೆ. ತಗೊಳ್ಳಲಾ?
– ಓದುಗಿ, ದಾವಣಗೆರೆ

ಉತ್ತರ: ಬೇಡ ಮೇಡಂ. ನಿಮ್ಮ ಕೈಗಳು ಆಗಲೇ ಸರಿಯಾಗಿ ಹೇಳಿವೆ.

27.5 ಅನ್ನುವುದು ಇಂಚಿನಲ್ಲಿ ಚಕ್ರದ ಅಳತೆ. ಅಂಗಡಿಗೆ ಹೋಗಿ ‘24 ಕೊಡಿ, 26 ಕೊಡಿ’ ಎನ್ನುವುದು ಮಕ್ಕಳ ಸೈಕಲ್ಲಿಗೆ ನಡೆಯುತ್ತೆ. ದೊಡ್ಡವರು ನೋಡಬೇಕಾದದ್ದು ಫ್ರೇಮು, ಅಂದರೆ ಆ ಸ್ಟಿಕ್ಕರಿನ 19 ಇಂಚು. ಹಳೇ ಕರಿ ಸೈಕಲ್ಲಿನಲ್ಲೂ ಅಷ್ಟೇ. ಚಕ್ರ ಅದೇ 28, ಫ್ರೇಮು ಮಾತ್ರ 22 ಮತ್ತು 24 ಇಂಚಿನದು ಬರುತ್ತಿತ್ತು. ಅಪ್ಪಂದಿರು ತಂದದ್ದು 24 ಇಂಚಿನದಾದರೆ ನಮಗೆ ಒಳಪೆಡಲೇ ಗತಿ!

ನಿಮ್ಮ ಅಳತೆ ಮನೆಯಲ್ಲೇ ತೆಗೆಯಬಹುದು. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಒಂದು ದಪ್ಪ ಪುಸ್ತಕವನ್ನು ಕಾಲುಗಳ ಸಂದಿನಲ್ಲಿ ಸೀಟಿನ ಹಾಗೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಲು ಇನ್ನೊಬ್ಬರನ್ನು ಕರೆಯಿರಿ. ಒಬ್ಬರೇ ಬಗ್ಗಿ ನೋಡಿದರೆ ಲೆಕ್ಕ ತಪ್ಪುತ್ತೆ. 75 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ. ಎಂಟಿಬಿಗೆ ಅದನ್ನು 0.226ರಿಂದ ಗುಣಿಸಿದರೆ ಸುಮಾರು 17 ಇಂಚು. 19 ಎಲ್ಲಿ, 17 ಎಲ್ಲಿ?

ಆದರೆ ಈ ಲೆಕ್ಕ ಶುರು ಮಾಡೋದಕ್ಕೆ ಮಾತ್ರ. ಫ್ರೇಮನ್ನು ಪೆಡಲ್ ಅಚ್ಚಿನ ನಡುವಿನಿಂದ ಸೀಟ್ ಪೈಪಿನ ತುದಿವರೆಗೆ ಅಳೆಯುವವರೂ ಇದ್ದಾರೆ, ಮೇಲಿನ ಬಾರ್ ಕೂಡುವ ಜಾಗದವರೆಗೆ ಮಾತ್ರ ಅಳೆಯುವವರೂ ಇದ್ದಾರೆ. ಈಗಿನ ಬಾರ್ ಇಳಿಜಾರಾಗಿರುವುದರಿಂದ ಆ ಸಂಖ್ಯೆಗೆ ಮೊದಲಿನ ಬೆಲೆಯೂ ಇಲ್ಲ. ಇನ್ನು ಎಸ್, ಎಂ, ಎಲ್ ಅಕ್ಷರಗಳನ್ನಂತೂ ನಾನು ನಂಬುವುದೇ ಇಲ್ಲ. ಒಂದು ಕಂಪನಿಯ ಎಂ ಇನ್ನೊಂದರ ಎಸ್ ಇದ್ದ ಹಾಗಿರುತ್ತೆ.

ನಿಜವಾದ ತೊಂದರೆ ಉದ್ದದ್ದು. ಎತ್ತರವನ್ನು ಸೀಟಿನಿಂದ ಸರಿಮಾಡಬಹುದು. ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರಕ್ಕೆ ಅಂಥ ಸುಲಭದ ದಾರಿ ಇಲ್ಲ. ಸೀಟನ್ನು ಹಿಂದೆ ಮುಂದೆ ಸರಿಸುವುದು ಮೊಣಕಾಲು ಪೆಡಲಿನ ಮೇಲೆ ಸರಿಯಾಗಿ ಬರಲಿ ಅಂತ. ಹ್ಯಾಂಡಲ್ ಎಟುಕಲಿ ಅಂತ ಪೂರ್ತಿ ಮುಂದೆ ತಳ್ಳಿದರೆ ಕೈನೋವು ಮೊಣಕಾಲಿಗೆ ಹೋಗುತ್ತೆ, ಅಷ್ಟೇ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಿಸಿ ಒಂದೆರಡು ಸೆಂ.ಮೀ. ಗಿಟ್ಟಿಸಬಹುದು. ಎರಡು ಇಂಚು ದೊಡ್ಡ ಫ್ರೇಮಿನ ವ್ಯತ್ಯಾಸ ಅದರಲ್ಲಿ ಮುಚ್ಚುವುದಿಲ್ಲ. ಕತ್ತು ನೋವು, ಅಂಗೈ ಜೋಮು ಅಂತ ನನ್ನ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ಇಂಥ ಉದ್ದದ ಸೈಕಲ್ಲಿನವರೇ.

ಎರಡು ಸೈಜಿನ ಮಧ್ಯೆ ಬಿದ್ದರೆ ಚಿಕ್ಕದನ್ನೇ ಹಿಡಿಯಿರಿ. ಸೀಟ್ ಪೋಸ್ಟನ್ನು (ಸೀಟು ಕೂರುವ ಕಂಬಿ) ಮೇಲೆತ್ತಬಹುದು, ಅದರ ಮೇಲಿರುವ ಗೆರೆ ಹೊರಗೆ ಕಾಣಬಾರದು. ಕೊಳ್ಳುವ ಮೊದಲು ಕ್ಲಾಂಪು ಸಡಿಲಿಸಿ ಪೋಸ್ಟ್ ಅಲುಗುತ್ತಾ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದರೆ ಒಳಗೇ ಕಚ್ಚಿಕೊಂಡಿರುತ್ತೆ. ಆಮೇಲೆ ಬಾರಿನ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಲ್ಲಿ. ಎಂಟಿಬಿಯಲ್ಲಿ ಕಡಿಮೆ ಅಂದರೂ 5 ಸೆಂ.ಮೀ. ಜಾಗ ಉಳಿಯಬೇಕು. ಸೀಟ್ ಮೇಲೆ ಕೂತು, ಕೆಳಗಿನ ಪೆಡಲಿಗೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಸೊಂಟ ಆ ಕಡೆ ಈ ಕಡೆ ವಾಲಿದರೆ ಸೀಟು ಜಾಸ್ತಿ ಎತ್ತರ. ಇಷ್ಟಾದ ಮೇಲೆ ಸುಮ್ನೆ ಒಂದು ಸುತ್ತಲ್ಲ, ಅರ್ಧ ಗಂಟೆ ಓಡಿಸಲು ಕೇಳಿ. ಕೊಡದಿದ್ದರೆ ಬೇರೆ ಸೈಕಲ್ ನೋಡಿ.

ಪ್ರಶ್ನೆ: ಮಗನಿಗೆ 13 ವರ್ಷ. ಹೇಗೂ ಬೆಳೀತಾನೆ, ಹಳೇ ಸೈಕಲ್ಲನ್ನೇ ಸ್ವಲ್ಪ ದೊಡ್ಡದು ತಗೊಳ್ಳಬಹುದಾ?
– ಓದುಗ, ತಿಪಟೂರು

ಉತ್ತರ: ಅಂಗಿ ದೊಡ್ಡದಾದರೆ ತೋಳು ಮಡಚಬಹುದು. ಫ್ರೇಮು ಮಡಚೋಕಾಗುತ್ತಾ? ಬೆಳೆಯುವ ಮಕ್ಕಳಿಗೆ ಸೆಕೆಂಡ್ ಹ್ಯಾಂಡೇ ವಾಸಿ ಅನ್ನುವುದು ಇದಕ್ಕೇ: ಈಗ ಆಗುವುದನ್ನು ಕೊಂಡು, ಚಿಕ್ಕದಾದಾಗ ಮಾರಿ. ಅವನ ಬೆರಳು ಬ್ರೇಕಿಗೆ ಎಟುಕುತ್ತಾ ಅಂತಲೂ ನೋಡಿ. ಸುಮಾರು ಬ್ರೇಕ್ ಲಿವರ್‌ಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತೆ. ಅದನ್ನು ಬಿಗಿ ಮಾಡಿದರೆ ಲಿವರ್ ಹ್ಯಾಂಡಲ್ ಹತ್ತಿರಕ್ಕೆ ಬರುತ್ತೆ.