ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರು ಮೂಲ ಪುಸ್ತಕಗಳು ಒಂದೇ ದಿನ ಏಕೆ ಬಿಡುಗಡೆಯಾಗುವುದಿಲ್ಲ?

ಮುಖ್ಯವಾಗಿ, ಒಂದು ಪುಸ್ತಕದ ನಿಯಮಗಳು ಗಟ್ಟಿಯಾಗದೆ ಇನ್ನೊಂದನ್ನು ಸರಿಯಾಗಿ ಮುಗಿಸಲಾಗುವುದಿಲ್ಲ. ಮೇಜಿನ ಸುತ್ತ ಕುಳಿತು ಕಥೆ ಕಟ್ಟುತ್ತಾ ಆಡುವ ಈ ಆಟದ ಪರಿಷ್ಕೃತ ಆವೃತ್ತಿಯಲ್ಲಿ ಆಟಗಾರರ ಕೈಪಿಡಿ 2024ರ ಸೆಪ್ಟೆಂಬರ್‌ನಲ್ಲಿ, ಆಟ ನಡೆಸುವವರ ಮಾರ್ಗದರ್ಶಿ ನವೆಂಬರ್‌ನಲ್ಲಿ, ರಾಕ್ಷಸ ಜೀವಿಗಳ ಸಂಪುಟ 2025ರ ಫೆಬ್ರವರಿಯಲ್ಲಿ ಬಂದವು.

ಹೊಸ ನಿಯಮದಂತೆ, ಯುದ್ಧಕೊಡಲಿ ಬೀಸುವುದರಲ್ಲಿ ಪಳಗಿದ ಯೋಧನ ಏಟು ತಗುಲಿದ ಶತ್ರು ದೇಹದಾರ್ಢ್ಯದ ದಾಳ ಉರುಳಿಸಿ ಗೆಲ್ಲಬೇಕು, ಇಲ್ಲವೇ ನೆಲಕ್ಕುರುಳಬೇಕು. ಇಂಥ ಬಲ ವೀರರಿಗೆ ಸಿಕ್ಕಾಗ ಎದುರಿನ ಡ್ರ್ಯಾಗನ್‌ಗೆ ಎಷ್ಟು ಪ್ರಾಣಾಂಕ, ಅಂದರೆ ಎಷ್ಟು ಪೆಟ್ಟು ತಾಳುವ ಶಕ್ತಿ, ಕೊಡಬೇಕೆಂಬ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಆಟಗಾರರ ಪುಸ್ತಕ ಮೊದಲು ಬರುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ಪಾತ್ರ ರಚಿಸಲು ಎಲ್ಲರಿಗೂ ಬೇಕಾದದ್ದೂ ಅದೇ.

ಆದರೆ ಇದೇನೂ ಕಡ್ಡಾಯವಲ್ಲ: 2008ರ ಜೂನ್‌ನಲ್ಲಿ ನಾಲ್ಕನೇ ಆವೃತ್ತಿಯ ಮೂರೂ ಪುಸ್ತಕಗಳು ಒಟ್ಟಿಗೇ ಬಂದಿದ್ದವು. 1977ರಲ್ಲಂತೂ ಜೀವಿಗಳ ಸಂಪುಟವೇ ಮೊದಲು ಬಂದು, ಆಟಗಾರರ ಪುಸ್ತಕಕ್ಕೆ ಜನ ಮರುವರ್ಷದವರೆಗೆ ಕಾಯಬೇಕಾಯಿತು.

ಮುಂದೆಯೂ ಹೀಗೆ ಬಿಡಿಬಿಡಿಯಾಗಿ ಬಂದರೆ ಆಟ ನಿಲ್ಲಿಸಬೇಕಿಲ್ಲ. ಈ ಬಾರಿಯೂ 2014ರ ಹಳೆಯ ಪುಸ್ತಕದ ಜೀವಿಗಳನ್ನು 2024ರ ನಿಯಮಗಳೊಂದಿಗೆ ಧಾರಾಳವಾಗಿ ಬಳಸಬಹುದಿತ್ತು. ಹೊಸ ಕೈಪಿಡಿಯ ಅನುಬಂಧದಲ್ಲೇ ತೋಳ, ಕರಡಿಗಳಂಥ ಕೆಲವು ಪ್ರಾಣಿಗಳ ವಿವರಗಳೂ ಇದ್ದವು.